ಮಿಲ್ಟ್ರಿಗೆ ಹೋಗುವ ಮನಸ್ಸನ್ನು ಅಳೆಯುವುದು: ಬೆಳಗಾವಿ, ಬಾಗಲಕೋಟೆ ಕಡೆ ನಾವು ಸಮೀಕ್ಷೆ ಮಾಡುವ ಬಗೆ

‘ಸೇನೆ ಸೇರಲು ಇಷ್ಟವಿದೆಯೇ?’ ಎಂದು ಈ ಭಾಗದ ಹಳ್ಳಿಯಲ್ಲಿ ಹದಿನೆಂಟರ ಹುಡುಗನನ್ನು ಕೇಳಿದರೆ ಹೌದೆಂದೇ ಹೇಳುತ್ತಾನೆ. ಮರಾಠಾ ಲಘು ಪದಾತಿ ದಳದ ಕೇಂದ್ರ ಇರುವ ಜಿಲ್ಲೆಯಲ್ಲಿ ಇಲ್ಲವೆನ್ನಲು ಯಾರಿಗಾದರೂ ಮುಜುಗರವೇ. ಆ ಹೌದನ್ನು ಎಣಿಸಿ ಪ್ರಯೋಜನವಿಲ್ಲ.

ಕಡ್ಡಾಯ ಭರ್ತಿ 1973ರಲ್ಲಿ ನಿಂತ ಮೇಲೆ ಅಮೆರಿಕದ ರಕ್ಷಣಾ ಇಲಾಖೆ 1975ರಿಂದ ಯುವಕರ ಸಮೀಕ್ಷೆ ನಡೆಸಿತು. ಇಷ್ಟದ ಬದಲು ಸಂಭವವನ್ನು ಕೇಳುವ ನಾಲ್ಕು ಮೆಟ್ಟಿಲಿನ ಪ್ರಶ್ನೆಯನ್ನು ನಾವು ಅಲ್ಲಿಂದಲೇ ತೆಗೆದುಕೊಂಡೆವು. ನಮ್ಮ ಫಾರ್ಮಿನಲ್ಲಿ ಅದು ಹೀಗಿದೆ: ‘ಮುಂದಿನ ಎರಡು ವರ್ಷದಾಗ ನೀವು ಮಿಲ್ಟ್ರಿ ಸೇರ್ತೀರೇನ್ರಿ?’ ಉತ್ತರಗಳು: ಸೇರೇ ಸೇರ್ತೀನಿ, ಸೇರಬಹುದು, ಸೇರಲಿಕ್ಕಿಲ್ಲ, ಸೇರೂದೇ ಇಲ್ಲ. ‘ನೋಡೋಣ್ರಿ’ ಎನ್ನುವವರೇ ಹೆಚ್ಚು. ಅದಕ್ಕೆ ಐದನೆಯ ಖಾನೆ ಕೊಟ್ಟರೆ ಅರ್ಧ ಊರು ಅಲ್ಲೇ ಕೂತುಬಿಡುತ್ತದೆ. ಇನ್ನೊಮ್ಮೆ ಕೇಳಿ, ಆಗಲೂ ಅದನ್ನೇ ಹೇಳಿದರೆ ಮಾತ್ರ ಪಕ್ಕದಲ್ಲಿ ಬರೆದುಕೊಳ್ಳಬೇಕು.

ಅದರ ಬೆನ್ನಿಗೇ, ಸೇರಲು ಈಗಾಗಲೇ ಏನು ಮಾಡಿದ್ದಾರೆ ಎಂಬ ಪ್ರಶ್ನೆಗಳು: ಆನ್‌ಲೈನ್ ಅರ್ಜಿ ಹಾಕಿದ್ದೀರಾ? 1.6 ಕಿ.ಮೀ. ಓಟಕ್ಕೆ ಈ ವಾರ ಎಷ್ಟು ದಿನ ಗ್ರೌಂಡಿಗೆ ಹೋದಿರಿ? ಎಸ್ಸೆಸ್ಸೆಲ್ಸಿಯಲ್ಲಿ ಒಟ್ಟು ಶೇ 45 ಬಂದಿದೆಯೇ? ‘ಸೇರೇ ಸೇರ್ತೀನಿ’ ಎಂದವನು ಈ ಮೂರಕ್ಕೂ ಇಲ್ಲವೆಂದರೆ ವಿಶ್ಲೇಷಣೆಯಲ್ಲಿ ಅವನ ಗುಂಪೇ ಬೇರೆ. ಹಾಗಂತ ‘ಇಲ್ಲ’ ಎಂದವರನ್ನು ಕೈಬಿಡಬಾರದು. ಅವರ ಗುಂಪು ದೊಡ್ಡದು, ಆದ್ದರಿಂದ ಕೊನೆಗೆ ಸೇರಿದವರಲ್ಲಿ ಒಂದು ದೊಡ್ಡ ಪಾಲು ಅವರಿಂದಲೇ ಬಂದದ್ದು ಅಮೆರಿಕದಲ್ಲೂ ಕಂಡಿದೆ.

ಹುಡುಗರನ್ನು ಆರಿಸುವಲ್ಲೇ ಸಮೀಕ್ಷೆ ಹೆಚ್ಚಾಗಿ ಕೆಡುತ್ತದೆ. ಕೋಚಿಂಗ್ ಅಕಾಡೆಮಿಗೆ ಹೋದರೆ ಒಂದೇ ಬೆಳಿಗ್ಗೆ ನೂರು ಫಾರ್ಮ್ ತುಂಬಬಹುದು, ಆದರೆ ಅಲ್ಲಿರುವವರೆಲ್ಲ ಆಗಲೇ ನಿರ್ಧರಿಸಿದವರು. ಮತದಾರರ ಪಟ್ಟಿ ಹದಿನೆಂಟರಿಂದ ಶುರು, ಅಗ್ನಿವೀರ ಭರ್ತಿ ಹದಿನೇಳೂವರೆಯಿಂದ. ಮೊದಲ ಆರು ತಿಂಗಳಿನವರು ಬಿಟ್ಟೇಹೋಗುತ್ತಾರೆ. ಹಾಗಾಗಿ 2011ರ ಜನಗಣತಿಯ ಹಳ್ಳಿ ಪಟ್ಟಿಯಿಂದ ಜನಸಂಖ್ಯೆಗೆ ತಕ್ಕ ಅವಕಾಶ ಕೊಟ್ಟು ಊರು ಆರಿಸುತ್ತೇವೆ. ಊರು ದೊಡ್ಡದಿದ್ದರೆ ಸುಮಾರು 150 ಮನೆಗಳ ತುಂಡು ಮಾಡಿ ಒಂದನ್ನು ಚೀಟಿ ಎತ್ತಿ ತೆಗೆದು, ಮನೆಮನೆ ಪಟ್ಟಿ ಮಾಡುತ್ತೇವೆ. ಶೇ 5ರ ಏರುಪೇರಿಗೆ ಸಾಧಾರಣ ಲೆಕ್ಕದಲ್ಲಿ 384 ಜನ ಸಾಕು. ಆದರೆ ಒಂದೇ ಊರಿನ ಹುಡುಗರ ಉತ್ತರ ಒಂದಕ್ಕೊಂದು ಹೋಲುತ್ತದೆ. ಊರಿಗೆ 16 ಜನ, ಆ ಹೋಲಿಕೆಯನ್ನು ಅಳೆಯುವ ಗುಣಾಂಕ 0.05 ಎಂದು ಹಿಡಿದರೆ 1.75ರಿಂದ (1 + 15 × 0.05) ಗುಣಿಸಬೇಕು: 672 ಜನ, ಅಂದರೆ 42 ಊರು. ಒಂದು ಮನೆಯಲ್ಲಿ ಆ ವಯಸ್ಸಿನವರು ಮೂವರಿದ್ದು ಒಬ್ಬನನ್ನೇ ಕೇಳಿದರೆ ಅವನ ಉತ್ತರಕ್ಕೆ ಮೂರರ ತೂಕ.

ಗೋವಾ, ಪುಣೆಗೆ ದುಡಿಯಲು ಹೋದವರ ಜಾಗಕ್ಕೆ ಪಕ್ಕದ ಮನೆಯವನನ್ನು ಹಾಕುವುದು ಗಣತಿದಾರರ ಹಳೆಯ ಚಾಳಿ. ಹಾಗೆ ಬದಲಿಸದೆ ಅದೇ ಮನೆಗೆ ಮೂರು ಸಲ, ಒಮ್ಮೆಯಾದರೂ ಸಂಜೆ ಏಳರ ನಂತರ ಹೋಗಬೇಕು, ಆಮೇಲೆ ಫೋನ್.

ಸಂದರ್ಶನ ಕಟ್ಟೆಯ ಮೇಲೆ ಬೇಡ. ‘ಹೌದ್ರಿ, ನಮ್ಮ ಹುಡುಗ ಹೋಗೇ ಹೋಗ್ತಾನ’ ಎಂದು ಅಪ್ಪ ಬಾಯಿ ಹಾಕಿದರೆ ಆ ಫಾರ್ಮ್ ಮುಗಿಯಿತು. ಹದಿನೆಂಟು ತುಂಬದವರಿಗೆ ಪೋಷಕರ ಒಪ್ಪಿಗೆ ಬೇಕು. ಅದನ್ನು ಪಡೆದು, ಅವರಿಗೆ ಕಾಣುವಷ್ಟು ಆದರೆ ಕೇಳದಷ್ಟು ದೂರ ಕೂರಬೇಕು. ಹುಡುಗಿಯರನ್ನು ಮಹಿಳಾ ಗಣತಿದಾರರೇ ಮಾತಾಡಿಸಬೇಕು.

ಅಗ್ನಿಪಥದ ಬಗ್ಗೆ ಅಭಿಪ್ರಾಯಕ್ಕಿಂತ ಮೊದಲು ತಿಳಿವಳಿಕೆ ಕೇಳುತ್ತೇವೆ: ಸೇವೆ ಎಷ್ಟು ವರ್ಷ, ಆಮೇಲೆ ಎಷ್ಟು ಜನರನ್ನು ಉಳಿಸಿಕೊಳ್ಳುತ್ತಾರೆ? 2022ರ ಯೋಜನೆಯಲ್ಲಿ ನಾಲ್ಕು ವರ್ಷ, ಗರಿಷ್ಠ ಶೇ 25. ಅಭಿಪ್ರಾಯ ಬರೆದುಕೊಂಡ ಮೇಲೆ ಸರಿ ಉತ್ತರ ಹೇಳಿ, ನಾಲ್ಕು ಮೆಟ್ಟಿಲಿನ ಪ್ರಶ್ನೆಯನ್ನು ಮತ್ತೆ ಹಾಕುತ್ತೇವೆ. ಮೊದಲೇ ಹೇಳಿಬಿಟ್ಟರೆ ನಮ್ಮದೇ ಮಾತು ಉತ್ತರವಾಗಿ ವಾಪಸು ಬರುತ್ತದೆ. ಸೇರುವ ಕಾರಣಗಳ ಪಟ್ಟಿಯನ್ನು ಓದಿ ಹೇಳುವಾಗ ಕೊನೆಯದ್ದೇ ಕಿವಿಯಲ್ಲಿ ಉಳಿಯುವುದರಿಂದ, ಅರ್ಧ ಫಾರ್ಮುಗಳಲ್ಲಿ ಕ್ರಮ ತಿರುವುಮುರುವು.

ಸೇವೆಯಲ್ಲಿರುವ ಸೈನಿಕರನ್ನು ಅಧಿಕೃತ ಅನುಮತಿಯಿಲ್ಲದೆ ಕೇಳುವುದೇ ಇಲ್ಲ. ಮಾಜಿ ಸೈನಿಕರನ್ನು ಒಬ್ಬೊಬ್ಬರನ್ನಾಗಿ ಕಾಣಬೇಕು. ನಿವೃತ್ತ ಸುಬೇದಾರರ ಎದುರು ಸಿಪಾಯಿ ಬಾಯಿ ಬಿಡುವುದಿಲ್ಲ. ‘ಸೇವೆ ತೃಪ್ತಿಕರವಾಗಿತ್ತೇ’ ಎಂದರೆ ಎಲ್ಲರದೂ ಹೊಗಳಿಕೆಯೇ. ‘ಮಗನ್ನ ಕಳಿಸ್ತೀರೇನ್ರಿ?’ ಎಂದಾಗ ಉತ್ತರಗಳು ಬೇರೆಬೇರೆಯಾಗುತ್ತವೆ. ವರದಿಯಲ್ಲಿ 50ಕ್ಕಿಂತ ಕಡಿಮೆ ಜನರಿರುವ ಗುಂಪಿಗೆ ಶೇಕಡಾವಾರು ಹಾಕುವುದಿಲ್ಲ, ತಾಲ್ಲೂಕುವಾರು ಕೊಡಿ ಎಂದು ಯಾರು ಎಷ್ಟೇ ಒತ್ತಾಯಿಸಿದರೂ.