ನಮಗಿಂತ ಮೊದಲು ಹೊರಟ ಪೆಟ್ಟಿಗೆಗಳು

ಅಮ್ಮನ ಮೊಣಕಾಲಿನ ಆಪರೇಷನ್ ಆಗಿ ಒಂಬತ್ತು ತಿಂಗಳಾಗಿತ್ತು. ಮನೆಯೊಳಗೆ ಆರಾಮಾಗಿ ಓಡಾಡುತ್ತಿದ್ದಳು, ಆದರೆ ವಿಮಾನ ನಿಲ್ದಾಣದ ಈ ತುದಿಯಿಂದ ಆ ತುದಿಗೆ ನಡೆಯುವಷ್ಟಲ್ಲ. ಏಳು ರಾತ್ರಿಯ ಕ್ರೂಸ್, ಅಂದರೆ ಹಡಗಿನ ಪ್ರವಾಸ, ಬುಕ್ ಮಾಡಿದ ಸಂಜೆಯೇ ನಾನೂ ಇವರೂ ಕೂತು ಲೆಕ್ಕ ಹಾಕಿದೆವು. ಎರಡು ಸೂಟ್‌ಕೇಸ್, ಮೂರು ಕೈಚೀಲ, ಒಂದು ಗಾಲಿಕುರ್ಚಿ. ತಳ್ಳೋಕೆ, ಎಳೆಯೋಕೆ, ಹೊರೋಕೆ ಇರುವ ಕೈಗಳು ನಾಲ್ಕೇ.

ಅದಲ್ಲದೆ ಹಿಂದೊಮ್ಮೆ ಹಡಗು ಹತ್ತಲು ಹೋಗುವಾಗ ಕೈ ಸುಟ್ಟುಕೊಂಡಿದ್ದೆವು. ಆ ಸಲ ನಡುವೆ ವಿಮಾನ ಬದಲಿಸುವ ಊರಲ್ಲಿ ನನ್ನ ಸೂಟ್‌ಕೇಸ್ ಉಳಿದುಬಿಟ್ಟಿತು. ಹೋಟೆಲಿಗೆ ಹೋಗುವ ಪ್ರಯಾಣವಾಗಿದ್ದರೆ ಮಾರನೇ ದಿನ ಬಂದು ಸೇರುತ್ತಿತ್ತು. ಹಡಗು ಒಂದೇ ಕಡೆ ನಿಲ್ಲುವುದಿಲ್ಲವಲ್ಲ! ಸೂಟ್‌ಕೇಸ್ ಮೊದಲ ಬಂದರಿಗೆ ಬರುವಷ್ಟರಲ್ಲಿ ನಾವು ಎರಡನೆಯದರಲ್ಲಿದ್ದೆವು. ಕೊನೆಗೆ ಕೈಗೆ ಸಿಕ್ಕಾಗ ಉಳಿದದ್ದು ಎರಡು ರಾತ್ರಿ. ಎಲ್ಲರೂ ಸಿಂಗರಿಸಿಕೊಂಡು ಊಟಕ್ಕೆ ಬರುವ ಫಾರ್ಮಲ್ ನೈಟ್‌ಗೆ ನಾನು ಹೋದದ್ದು ಹಡಗಿನ ಅಂಗಡಿಯಲ್ಲಿ ಕೊಂಡ, ಅದೇ ಹಡಗಿನ ಚಿತ್ರವಿರುವ ಟೀ ಶರ್ಟಿನಲ್ಲಿ. ಅಂತರರಾಷ್ಟ್ರೀಯ ವಿಮಾನಗಳಿಗೆ ಅನ್ವಯಿಸುವ 1999ರ ಮಾಂಟ್ರಿಯಲ್ ಒಪ್ಪಂದದ ಪ್ರಕಾರ, ಕಂಪನಿ ತಾನೇ ಒಪ್ಪಿಕೊಳ್ಳದಿದ್ದರೆ, 21 ದಿನ ಸಿಗದೇ ಇದ್ದರೆ ಮಾತ್ರ ಬ್ಯಾಗು ಕಳೆದುಹೋದ ಲೆಕ್ಕ. ಅಷ್ಟರಲ್ಲಿ ಏಳು ದಿನದ ಕ್ರೂಸ್ ಮೂರು ಸಲ ಮುಗಿದಿರುತ್ತದೆ.

ಹಾಗಾಗಿ ಈ ಸಲ ಸಾಮಾನನ್ನು ಮೊದಲೇ ಕಳಿಸಿಬಿಡೋಣ ಅಂದೆ. ಅಮ್ಮ ಓದುತ್ತಿದ್ದ ಪೇಪರ್ ಮಡಿಸಿಟ್ಟು ಕೇಳಿದಳು, "ನಮಗಿಂತ ಮೊದಲು ಪೆಟ್ಟಿಗೆ ಹೋಗತ್ತಾ? ಅಲ್ಲಿ ಅದಕ್ಕೆ ಯಾರೇ ಕಾಯ್ತಿರ್ತಾರೆ?"

ತಮಾಷೆಗೆ ಕೇಳಿದ್ದು. ಆದರೆ ಮುಂದಿನ ಒಂದು ತಿಂಗಳು ನಾನು ಉತ್ತರ ಹುಡುಕಿದ್ದು ಅದೊಂದೇ ಪ್ರಶ್ನೆಗೆ.

ಮೊದಲು ಬಂದರಿನ ವಿಳಾಸಕ್ಕೇ ಕಳಿಸಬಹುದು ಅಂದುಕೊಂಡಿದ್ದೆ. ಆಗುವುದಿಲ್ಲ. ಕ್ರೂಸ್ ಟರ್ಮಿನಲ್ ಅಂದರೆ ಹಡಗು ಬಂದ ದಿನ ಜಾತ್ರೆ, ಬಾರದ ದಿನ ಬೀಗ. ಮಾಮೂಲಿ ಕೊರಿಯರ್ ಹುಡುಗ ಪೆಟ್ಟಿಗೆ ಹೊತ್ತು ಹೋದರೆ ಸಹಿ ಹಾಕಿ ಇಳಿಸಿಕೊಳ್ಳುವವರು ಅಲ್ಲಿ ಇರುವುದಿಲ್ಲ. ಇದ್ದರೂ ಅವರು ಪ್ರಯಾಣಿಕರ ಕೈಯಿಂದ ತೆಗೆದುಕೊಳ್ಳುತ್ತಾರೆಯೇ ಹೊರತು ಕೊರಿಯರ್‌ನವರಿಂದಲ್ಲ. ಮನೆ ಬಾಗಿಲಿನಿಂದ ಎತ್ತಿ ನೇರ ಹಡಗಿಗೇ ತಲುಪಿಸುವ ಲಗೇಜು ಕಂಪನಿಗಳು ಇವೆ. ಕೆಲವು ಕ್ರೂಸ್ ಕಂಪನಿಗಳು ಅವರ ಜೊತೆ ಒಪ್ಪಂದವನ್ನೂ ಮಾಡಿಕೊಂಡಿವೆ. ಹಡಗಿನ ಹೆಸರು, ಹೊರಡುವ ದಿನ, ಬುಕಿಂಗ್ ನಂಬರ್, ಕ್ಯಾಬಿನ್ ನಂಬರ್ ಕೊಟ್ಟರೆ ಉಳಿದದ್ದು ಅವರ ತಲೆನೋವು. ನಿಮ್ಮ ಬಂದರಿಗೆ ಆ ಸೌಲಭ್ಯ ಇದ್ದು, ಖರ್ಚು ಭಾರ ಅನ್ನಿಸದಿದ್ದರೆ ಅದನ್ನೇ ಹಿಡಿಯಿರಿ, ಈ ಬರಹದ ಮುಕ್ಕಾಲು ಪಾಲು ನಿಮಗೆ ಬೇಕಾಗುವುದಿಲ್ಲ. ನಾವು ಹೊರಡುವ ಬಂದರಿಗೆ ಅದು ಇರಲಿಲ್ಲ. ಹೇಗೂ ಹಡಗು ಹೊರಡುವ ಹಿಂದಿನ ರಾತ್ರಿ ಬಂದರಿನ ಊರಲ್ಲೇ ಉಳಿಯುವವರಿದ್ದೆವು. ಪೆಟ್ಟಿಗೆಗಳು ಮಾಮೂಲಿ ಕೊರಿಯರ್‌ನಲ್ಲಿ ಆ ಹೋಟೆಲಿಗೆ ಹೋಗಲಿ ಅಂತ ತೀರ್ಮಾನವಾಯಿತು.

ಹೋಟೆಲಿಗೆ ಫೋನ್ ಮಾಡಿದೆ. ಅತಿಥಿ ಬರುವ ಮೊದಲೇ ಪಾರ್ಸೆಲ್ ಬಂದರೆ ತೆಗೆದುಕೊಳ್ಳುತ್ತೀರಾ, ಎಷ್ಟು ದಿನ ಇಟ್ಟುಕೊಳ್ಳುತ್ತೀರಿ, ಅದಕ್ಕೆ ದುಡ್ಡೆಷ್ಟು, ಇಷ್ಟು ಭಾರದ್ದಾದರೆ ತೊಂದರೆಯಿಲ್ಲವಾ, ಎಲ್ಲಿಡುತ್ತೀರಿ. ಐದು ದಿನ ಇಡುತ್ತೇವೆ, ಅದಕ್ಕಿಂತ ಮುಂಚೆ ಬಂದರೆ ವಾಪಸ್ ಹೋಗಬಹುದು ಅಂದರು. ಈ 'ಹೋಗಬಹುದು' ನನಗೆ ಹಿಡಿಸಲಿಲ್ಲ. ಒಂದು ಇಮೇಲ್ ಬರೆದು ಅದನ್ನೇ ಬರಹದಲ್ಲಿ ತರಿಸಿಕೊಂಡೆ. ಆ ಇಮೇಲ್ ಮುಂದೆ ನನ್ನನ್ನು ಉಳಿಸಿತು.

ಸೂಟ್‌ಕೇಸ್ ಆರಿಸುವುದರಲ್ಲಿ ನಾನು ಪೆಟ್ಟು ತಿಂದೆ. ಕೊರಿಯರ್‌ನವರು ತೂಕವನ್ನಷ್ಟೇ ನೋಡುವುದಿಲ್ಲ, ಪೆಟ್ಟಿಗೆ ಹಿಡಿಯುವ ಜಾಗವನ್ನೂ ತೂಕವಾಗಿ ಎಣಿಸುತ್ತಾರೆ. ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರ್‌ನಲ್ಲಿ ಗುಣಿಸಿ, ಸಾಮಾನ್ಯವಾಗಿ 5000ದಿಂದ ಭಾಗಿಸುತ್ತಾರೆ. ಬಂದ ಸಂಖ್ಯೆ, ನಿಜವಾದ ತೂಕ, ಎರಡರಲ್ಲಿ ಯಾವುದು ಹೆಚ್ಚೋ ಅದಕ್ಕೆ ಬಿಲ್ಲು. ನನ್ನ ದೊಡ್ಡ ಸೂಟ್‌ಕೇಸ್ ಚಕ್ರ ಹಿಡಿಕೆ ಸೇರಿ 70, 48, 30 ಸೆಂಟಿಮೀಟರ್. ಗುಣಿಸಿ ಭಾಗಿಸಿದರೆ 20 ಕಿಲೋ ದಾಟುತ್ತದೆ. ಒಳಗೆ ಇದ್ದದ್ದು 14 ಕಿಲೋ. ಆರು ಕಿಲೋ ಗಾಳಿಗೆ ದುಡ್ಡು ಕೊಟ್ಟೆ. ಅಮ್ಮನ ಹಳೇ ಸೂಟ್‌ಕೇಸ್ 60, 42, 26. ಅದು 13 ಕಿಲೋ ಚಿಲ್ಲರೆ ಆಗುತ್ತದೆ, ಒಳಗಿದ್ದದ್ದೂ 13 ಕಿಲೋ. ತುಂಬುವ ಮೊದಲೇ ಟೇಪು ಹಿಡಿದು ಅಳೆದಿದ್ದರೆ ಅದೇ ಅಳತೆಯದ್ದು ಇನ್ನೊಂದನ್ನು ಅಟ್ಟದ ಮೇಲಿಂದ ಇಳಿಸುತ್ತಿದ್ದೆ.

ಬರೀ ಸೂಟ್‌ಕೇಸನ್ನು ಹಾಗೇ ಕೊಡಬೇಡಿ ಅಂತ ಎತ್ತಿಕೊಳ್ಳಲು ಬಂದ ಹುಡುಗನೇ ಹೇಳಿದ. ಬೆಲ್ಟಿನ ಮೇಲೆ ಹಿಡಿಕೆ ಸಿಕ್ಕಿಕೊಂಡು ಮುರಿಯುತ್ತದಂತೆ, ನಯವಾದ ಪ್ಲಾಸ್ಟಿಕ್ ಮೇಲೆ ಚೀಟಿ ಅಂಟುವುದಿಲ್ಲವಂತೆ. ಎರಡನ್ನೂ ರಟ್ಟಿನ ಪೆಟ್ಟಿಗೆಯೊಳಗೆ ಇಳಿಸಿ ಟೇಪು ಸುತ್ತಿದೆವು. ಹಳೇ ವಿಮಾನದ ಬಾರ್‌ಕೋಡ್ ಚೀಟಿಗಳನ್ನು ಕಿತ್ತು ಬಿಸಾಡಿದೆ, ಇಲ್ಲದಿದ್ದರೆ ಯಂತ್ರ ಯಾವುದನ್ನು ಓದುತ್ತದೋ ಯಾರಿಗೆ ಗೊತ್ತು. ಹೊರಗಿನ ಚೀಟಿ ಹರಿದರೂ ಇರಲಿ ಅಂತ ಒಳಗೆ ಬಟ್ಟೆಯ ಮೇಲೆ ಇನ್ನೊಂದು ವಿಳಾಸದ ಹಾಳೆ ಇಟ್ಟೆ. ಒಳಗಿನ ಸಾಮಾನಿನ ಫೋಟೋ, ಹೊರಗಿನ ಪೆಟ್ಟಿಗೆಯ ಫೋಟೋ, ಎರಡೂ ಫೋನಿನಲ್ಲಿ.

ಏನು ಕಳಿಸಬಾರದು ಅನ್ನುವುದಕ್ಕೆ ನನ್ನ ಅಳತೆಗೋಲು ಒಂದೇ. ಪೆಟ್ಟಿಗೆ ಬರಲೇ ಇಲ್ಲ ಅಂತಿಟ್ಟುಕೊಳ್ಳಿ, ಎರಡು ದಿನ ಬದುಕಬಹುದಾ? ಅಮ್ಮನ ಮಾತ್ರೆ, ಪಾಸ್‌ಪೋರ್ಟ್, ಹಡಗಿನ ಕಾಗದಗಳು, ಕನ್ನಡಕ, ಒಡವೆ, ಒಂದೊಂದು ಜೊತೆ ಬಟ್ಟೆ, ಎಲ್ಲ ಹೆಗಲಿಗೆ. ಪವರ್ ಬ್ಯಾಂಕ್ ಕೂಡ ಹೆಗಲಿಗೇ. ಲಿಥಿಯಂ ಬ್ಯಾಟರಿ ಬೆಂಕಿ ಹಿಡಿಯಬಹುದು, ವಿಮಾನದಲ್ಲೂ ಅದನ್ನು ಕೆಳಗಿನ ಲಗೇಜಿಗೆ ಹಾಕಲು ಬಿಡುವುದಿಲ್ಲ. ಸೆಂಟು, ಸ್ಪ್ರೇ ಡಬ್ಬಿಗಳನ್ನು ಮನೆಯಲ್ಲೇ ಬಿಟ್ಟೆವು. ಅವಕ್ಕೂ ಕೊರಿಯರ್‌ನವರ ತಕರಾರಿದೆ, ಸೋರಿದರೆ ಇಡೀ ಪೆಟ್ಟಿಗೆಯ ಬಟ್ಟೆ ಹಾಳು.

ದಿನದ ಲೆಕ್ಕವನ್ನು ಕೊನೆಯಿಂದ ಹಿಂದಕ್ಕೆ ಹಾಕಿದೆ. ಶನಿವಾರ ಹಡಗು, ಶುಕ್ರವಾರ ಹೋಟೆಲ್. ಕೊರಿಯರ್‌ನವರು ಹೇಳಿದ್ದು ನಾಲ್ಕು ಕೆಲಸದ ದಿನ. ಈ 'ಕೆಲಸದ ದಿನ' ಅನ್ನುವ ಮಾತಿನೊಳಗೆ ಶನಿವಾರ, ಭಾನುವಾರ, ರಜೆ ಯಾವುದೂ ಇಲ್ಲ. ಎತ್ತಿದ ದಿನವನ್ನೂ ಎಣಿಸುವುದಿಲ್ಲ. ಹಿಂದಿನ ವಾರದ ಗುರುವಾರ ಎತ್ತಿಸಿದರೆ ಬುಧವಾರ ತಲುಪುತ್ತದೆ, ಎರಡು ದಿನ ಉಸಿರಾಡಲು ಜಾಗ, ಹೋಟೆಲಿನ ಐದು ದಿನದೊಳಗೂ ಇರುತ್ತದೆ. ಒಂದು ವಿಷಯ ಮಾತ್ರ ತಲೆಗೆ ಹೊಳೆದಿರಲಿಲ್ಲ. ಪೆಟ್ಟಿಗೆ ಹೋದ ಮೇಲೂ ನಾವು ಎಂಟು ದಿನ ಮನೆಯಲ್ಲೇ ಇರಬೇಕಲ್ಲ. ಇವರ ಇದ್ದೊಂದು ಬೆಲ್ಟ್ ಪೆಟ್ಟಿಗೆಯೊಳಗೆ ಹೊರಟುಹೋಗಿತ್ತು. ಎಂಟು ದಿನವೂ ಆಫೀಸಿಗೆ ಹೊರಡುವಾಗ ನನ್ನ ಮುಖ ನೋಡಿಯೇ ಹೊರಟರು.

ಟ್ರ್ಯಾಕಿಂಗ್ ನೋಡುವ ಚಟ ಕೆಟ್ಟದ್ದು. ಸೋಮವಾರದಿಂದ ಮಂಗಳವಾರ ರಾತ್ರಿಯವರೆಗೂ ಎರಡೂ ಪೆಟ್ಟಿಗೆ ಒಂದೇ ವಿಂಗಡಣಾ ಕೇಂದ್ರದಲ್ಲಿ ಕೂತಿದ್ದವು. ಬುಧವಾರ ಮಧ್ಯಾಹ್ನ 'ತಲುಪಿಸಲಾಗಿದೆ' ಅಂತ ಬಂತು, ಸಹಿ ಹಾಕಿದವರ ಹೆಸರಿನ ಜೊತೆ. ಪ್ರಯಾಣದ ದಿನ ಅಮ್ಮನ ಕುರ್ಚಿ ತಳ್ಳುತ್ತಾ ಬೆನ್ನಿಗೊಂದು ಚೀಲ ಮಾತ್ರ ಹಾಕಿಕೊಂಡು ಹೋದ ಆ ಹಗುರ ಇದೆಯಲ್ಲ, ಕೊಟ್ಟ ದುಡ್ಡೆಲ್ಲ ಅಲ್ಲೇ ವಸೂಲಾಯಿತು. ಲಗೇಜು ಬೆಲ್ಟಿನ ಮುಂದೆ ಜನ ನಿಂತಿದ್ದಾಗ ನಾವು ಅವರನ್ನು ದಾಟಿ ಹೊರಗೆ ಬಂದಾಗಿತ್ತು.

ಹೋಟೆಲಿನಲ್ಲಿ ರಿಸೆಪ್ಷನ್ ಹುಡುಗಿ ಕಂಪ್ಯೂಟರ್ ನೋಡಿ, "ನಿಮ್ಮ ಹೆಸರಿಗೆ ಪಾರ್ಸೆಲ್ ಯಾವುದೂ ಬಂದಿಲ್ಲ" ಅಂದಳು.

ನನಗೆ ಬೆವರು ಕಿತ್ತುಕೊಂಡು ಬಂತು. ಅಮ್ಮ ನನ್ನ ಮುಖವನ್ನೇ ನೋಡುತ್ತಿದ್ದಳು, ಬಾಯಿ ಬಿಡಲಿಲ್ಲ. ಟ್ರ್ಯಾಕಿಂಗ್ ತೋರಿಸಿದೆ, ಸಹಿ ಹಾಕಿದವರ ಹೆಸರು ಓದಿದೆ, ಆ ಇಮೇಲ್ ತೆರೆದು ಮುಂದಿಟ್ಟೆ. ಆಮೇಲೆ ಒಳಗಿನಿಂದ ಮ್ಯಾನೇಜರ್ ಬಂದರು. ಹದಿನೈದು ನಿಮಿಷ ಹುಡುಕಿದ ಮೇಲೆ ಗೊತ್ತಾದದ್ದು ತಪ್ಪು ನನ್ನದೇ ಅಂತ. ರೂಮು ಇವರ ಹೆಸರಿನಲ್ಲಿತ್ತು. ಪೆಟ್ಟಿಗೆ ಅಮ್ಮನ ಸಾಮಾನಲ್ವಾ ಅಂತ ಚೀಟಿಯ ಮೇಲೆ ನಾನು ಅಮ್ಮನ ಹೆಸರು ಬರೆದಿದ್ದೆ. ಆ ಹೆಸರಿನ ಅತಿಥಿ ಅವರ ಪಟ್ಟಿಯಲ್ಲಿ ಇಲ್ಲ. ಹಾಗಾಗಿ ಎರಡೂ ಪೆಟ್ಟಿಗೆಗಳನ್ನು 'ಯಾರದ್ದೋ' ಅನ್ನುವ ಕಪಾಟಿಗೆ ತಳ್ಳಿದ್ದರು. ರೂಮು ಯಾರ ಹೆಸರಿನಲ್ಲಿದೆಯೋ ಅದೇ ಹೆಸರು, ಅದೇ ಕಾಗುಣಿತ, ಕೆಳಗೆ ಬರುವ ತಾರೀಖು ಮತ್ತು ಬುಕಿಂಗ್ ನಂಬರ್. ಇಷ್ಟು ಬರೆದಿದ್ದರೆ ಆ ಹದಿನೈದು ನಿಮಿಷ ಉಳಿಯುತ್ತಿತ್ತು.

ರಾತ್ರಿ ರಟ್ಟು ಬಿಚ್ಚಿ, ಸೂಟ್‌ಕೇಸುಗಳಿಗೆ ಹಡಗಿನ ಟ್ಯಾಗ್ ಕಟ್ಟಿದೆವು. ಕ್ಯಾಬಿನ್ ನಂಬರ್ ಇರುವ ಆ ಟ್ಯಾಗನ್ನು ಕೊರಿಯರ್ ಪ್ರಯಾಣದಲ್ಲಿ ಕಟ್ಟಿರಲಿಲ್ಲ, ಕೈಚೀಲದಲ್ಲೇ ಇಟ್ಟುಕೊಂಡು ಬಂದಿದ್ದೆ. ಬೆಳಗ್ಗೆ ಟರ್ಮಿನಲ್ ಬಾಗಿಲಲ್ಲಿ ಪೋರ್ಟರ್ ಕೈಗೆ ಕೊಟ್ಟರೆ ಮುಗಿಯಿತು, ಆದರೆ ಸಾಮಾನು ಕ್ಯಾಬಿನ್‌ಗೆ ಬರುವಾಗ ಸಂಜೆಯಾಗುತ್ತದೆ. ಅಮ್ಮನ ಮಾತ್ರೆ ಆಗಲೂ ಹೆಗಲಲ್ಲೇ. ಸಂಜೆ ಒಂದು ಸೂಟ್‌ಕೇಸ್ ಬಂತು, ನನ್ನದು ಬರಲಿಲ್ಲ. ಬಂದದ್ದು ಒಂದು ಚೀಟಿ, ಭದ್ರತಾ ವಿಭಾಗಕ್ಕೆ ಬನ್ನಿ ಅಂತ. ಎಕ್ಸ್‌ರೇಯಲ್ಲಿ ನನ್ನ ಎಕ್ಸ್‌ಟೆನ್ಷನ್ ಬೋರ್ಡ್ ಸಿಕ್ಕಿಬಿದ್ದಿತ್ತು. ಇಸ್ತ್ರಿಪೆಟ್ಟಿಗೆ, ಮೇಣದಬತ್ತಿಯ ಹಾಗೆ ಅದನ್ನೂ ಹಡಗಿಗೆ ತರುವಂತಿಲ್ಲ. ಕೊರಿಯರ್‌ನವರ ನಿಷೇಧದ ಪಟ್ಟಿ ಬಾಯಿಪಾಠ ಮಾಡಿದ್ದವಳು ಹಡಗಿನವರ ಪಟ್ಟಿ ಓದಿಯೇ ಇರಲಿಲ್ಲ. ಬೋರ್ಡನ್ನು ಅವರೇ ಇಟ್ಟುಕೊಂಡು, ಇಳಿಯುವ ದಿನ ವಾಪಸ್ ಕೊಟ್ಟರು.

ನಮ್ಮದು ಒಂದೇ ದೇಶದೊಳಗಿನ ಸಾಗಣೆ. ಗಡಿ ದಾಟಿಸುವುದಾದರೆ ನಾನಂತೂ ಕೊರಿಯರ್‌ನಲ್ಲಿ ಕಳಿಸುವುದಿಲ್ಲ. ಜೊತೆಗೆ ಪ್ರಯಾಣಿಕರಿಲ್ಲದ ಲಗೇಜನ್ನು ಕಸ್ಟಮ್ಸ್‌ನವರು ನಮ್ಮ ಕೈಯಲ್ಲಿರುವ ಸೂಟ್‌ಕೇಸಿನ ಹಾಗೆ ನೋಡುವುದಿಲ್ಲ. ಪ್ರತಿ ವಸ್ತುವಿನ ಪಟ್ಟಿ, ಬೆಲೆ, ಬಳಸಿದ್ದೋ ಹೊಸದೋ, ಎಲ್ಲ ಬರೆದುಕೊಡಬೇಕು. ಒಂದು ಪ್ರಶ್ನೆ ಎದ್ದರೆ ಪೆಟ್ಟಿಗೆ ಅಲ್ಲೇ ಕೂರುತ್ತದೆ, ಹಡಗು ಹೋಗುತ್ತದೆ.

ವಾಪಸಾಗುವಾಗ ಕೊನೆಯ ರಾತ್ರಿ ಸೂಟ್‌ಕೇಸುಗಳನ್ನು ಕ್ಯಾಬಿನ್ ಬಾಗಿಲ ಹೊರಗಿಟ್ಟು ಮಲಗಬೇಕು, ಬೆಳಗ್ಗೆ ಟರ್ಮಿನಲ್ ಹಾಲಿನಲ್ಲಿ ಹುಡುಕಿಕೊಳ್ಳಬೇಕು. ಕಸ್ಟಮ್ಸ್ ದಾಟಿದ ಮೇಲೆಯೇ ಕೊರಿಯರ್ ಮಾತು. ಹೊರಗೆ ಸಿಕ್ಕ ಟ್ಯಾಕ್ಸಿಯವರಿಗೆ ಹೇಳಿ ಮೊದಲು ಕೊರಿಯರ್ ಅಂಗಡಿಗೆ ಹೋದೆವು. ಮನೆಯಲ್ಲೇ ಮುದ್ರಿಸಿ ತಂದಿದ್ದ ಚೀಟಿ ಕೈಯಲ್ಲಿತ್ತು, ಪೆಟ್ಟಿಗೆ ಅಲ್ಲೇ ಕೊಂಡೆವು. ಒಗೆಯದ ಬಟ್ಟೆಗೆ ಅವಸರವೇನು, ಅತಿ ನಿಧಾನದ, ಅತಿ ಅಗ್ಗದ ಸೇವೆ ಸಾಕು ಅಂದರು ಇವರು. ಬೆಲ್ಟ್ ಮಾತ್ರ ಸೊಂಟದಲ್ಲೇ ಇತ್ತು.

ಪೆಟ್ಟಿಗೆಗಳು ಬಂದದ್ದು ನಾವು ಮನೆಗೆ ಬಂದ ಆರನೇ ದಿನ. ನಾವಿಬ್ಬರೂ ಆಫೀಸಿನಲ್ಲಿದ್ದೆವು. ಸಂಜೆ ಬಂದು ನೋಡಿದರೆ ಎರಡೂ ಹಾಲಿನಲ್ಲಿದ್ದವು, ಸಹಿ ಹಾಕಿ ಇಳಿಸಿಕೊಂಡವಳು ಅಮ್ಮ. "ಈ ಸಲ ಕಾಯೋಕೆ ನಾನಿದ್ದೆ ಕಣೇ," ಅಂದಳು.