ಡಾಲರ್ ಏರಿದರೆ ರಫ್ತಿನ ಲಾಭ ಏರುತ್ತಾ? ಹೀಗೆ ಲೆಕ್ಕ ಹಾಕಿ

ರೂಪಾಯಿ ಬಿದ್ದರೆ ರಫ್ತುದಾರರಿಗೆ ಹಬ್ಬ ಅಂತಾರೆ. ಸುಮ್ನೆ ನಂಬಬೇಡಿ, ಒಂದು ಅಂಗಿ ಹಿಡಿದು ಲೆಕ್ಕ ಹಾಕಿ.

ಬೆಂಗಳೂರಿನ ಒಂದು ಗಾರ್ಮೆಂಟ್ಸ್ ಅಂಗಿಯನ್ನು 5 ಡಾಲರ್‌ಗೆ ಮಾರುತ್ತದೆ ಅಂದುಕೊಳ್ಳಿ. ಡಾಲರ್ 84 ರೂಪಾಯಿ ಇದ್ದಾಗ ಕೈಗೆ 420, 88 ಆದಾಗ 440. 20 ರೂಪಾಯಿ ಜಾಸ್ತಿ, ಅಲ್ವಾ? ಈಗ ಅದೇ ಅಂಗಿಗೆ ಹೊರದೇಶದಿಂದ ತರಿಸಿದ್ದೇನು ನೋಡಿ. ಬಟ್ಟೆ, ಗುಂಡಿ ಎಲ್ಲಾ ಸೇರಿ 1.5 ಡಾಲರ್ ಆದರೆ ಆ ಖರ್ಚು 126ರಿಂದ 132ಕ್ಕೆ ಏರುತ್ತದೆ. ಉಳಿದದ್ದು 14.

ಪೈಪೋಟಿಯವರ ಹಣವನ್ನೂ ನೋಡಿ. ಬಾಂಗ್ಲಾದೇಶದ ಟಾಕಾನೂ ಅಷ್ಟೇ ಬಿದ್ದಿದ್ದರೆ ಬೆಲೆಯಲ್ಲಿ ನಿಮಗೇನೂ ಅನುಕೂಲವಿಲ್ಲ. ಕೊಳ್ಳುವವನೂ ದಿನಾ ದರ ನೋಡುತ್ತಾನೆ, ಮುಂದಿನ ಆರ್ಡರ್‌ಗೆ 10 ಸೆಂಟ್ ಇಳಿಸಿ ಅಂತ ಕೇಳೇ ಕೇಳುತ್ತಾನೆ, ಅಲ್ಲಿಗೆ ಇನ್ನೂ 8.80 ಹೋಯ್ತು.

ದುಡ್ಡು ಬರುವುದು 90 ದಿನ ಬಿಟ್ಟು ಅಂದರೆ ಬ್ಯಾಂಕಿನಲ್ಲಿ ಫಾರ್ವರ್ಡ್ ಕಾಂಟ್ರಾಕ್ಟ್ (ಮುಂದೆ ಬರುವ ಡಾಲರನ್ನು ಈಗಲೇ ಗೊತ್ತು ಮಾಡಿದ ದರಕ್ಕೆ ಬ್ಯಾಂಕಿಗೆ ಮಾರುವ ಒಪ್ಪಂದ) ಮಾಡಿ ಇವತ್ತೇ ದರ ಗಟ್ಟಿ ಮಾಡಿಕೊಳ್ಳಿ. ಪೂರ್ತಿ ಬೇಡ, ನಾನಾದರೆ ಅರ್ಧಕ್ಕೆ ಮಾಡಿಸುತ್ತೇನೆ. 2013ರ ಮೇನಲ್ಲಿ 54ರ ಆಸುಪಾಸಿದ್ದ ಡಾಲರ್ ಆಗಸ್ಟ್ ಕೊನೆಗೆ 68 ದಾಟಿತ್ತು, ಮೊದಲೇ ಪೂರ್ತಿ ಗಟ್ಟಿ ಮಾಡಿಕೊಂಡವರಿಗೆ ಆ ಏರಿಕೆ ಸಿಗಲೇ ಇಲ್ಲ. ಮತ್ತೆ, ಆರ್ಡರ್ ರದ್ದಾದರೂ ಕಾಂಟ್ರಾಕ್ಟ್ ನಿಮ್ಮ ತಲೆ ಮೇಲೇ ಇರುತ್ತದೆ.