ಪುಣೆಯಲ್ಲಿ ಹಿತ್ತಲಿಗೆ ಪತ್ರಾ ಶೆಡ್ ಹಾಕುವ ಮೊದಲು

ಊರಿಂದ ಜೋಳದ ಚೀಲ ಬರುತ್ತವೆ, ಹಳೇ ಸೈಕಲ್ ಇರುತ್ತದೆ, ಮಳೆ ಶುರುವಾದರೆ ಎಲ್ಲಾ ಎಲ್ಲಿಡುವುದು? ಹಿತ್ತಲಲ್ಲಿ ಜಾಗ ಖಾಲಿ ಇದ್ದರೆ ಒಂದು ಪತ್ರಾ ಶೆಡ್, ಅಂದರೆ ತಗಡಿನ ಶೆಡ್ ಹಾಕೋಣ ಅನ್ನಿಸುತ್ತದೆ, ಅಲ್ವಾ? ನಮಗೂ ಅನ್ನಿಸಿತ್ತು. ಶೆಡ್ ಮಾಡುವವನು "ಇದು ಪತ್ರಾ, ಕಟ್ಟಡ ಅಲ್ಲ, ಪರವಾನಗಿ ಬೇಡ" ಅಂದ. ನಂಬಿ ಅಡ್ವಾನ್ಸ್ ಕೊಟ್ಟೆವು. ಆಮೇಲೆ ಇಂಜಿನಿಯರ್ ಬಂದು ಟೇಪ್ ಹಿಡಿದಾಗ ಗೊತ್ತಾಯಿತು, ಆ ಖಾಲಿ ಜಾಗ ನಮ್ಮ ಮನೆಯ ಮಂಜೂರಾದ ನಕ್ಷೆಯಲ್ಲಿ ಹಿಂದಿನ ಮಾರ್ಜಿನ್, ಅಂದರೆ ಏನೂ ಕಟ್ಟದೆ ಖಾಲಿ ಇಡಬೇಕಾದ ಜಾಗ ಅಂತ ಬಿಟ್ಟದ್ದು. ಅಡ್ವಾನ್ಸ್ ಹೋಯಿತು.

ಇಲ್ಲಿ ನಡೆಯುವುದು 1966ರ ಎಂಆರ್‌ಟಿಪಿ ಕಾಯ್ದೆ, ಅಂದರೆ ಮಹಾರಾಷ್ಟ್ರದ ಪ್ರಾದೇಶಿಕ ಮತ್ತು ನಗರ ಯೋಜನೆ ಕಾಯ್ದೆ. ಅದರ ಕೆಳಗಿನ ನಿಯಮಗಳ ಪ್ರಕಾರ ವಾಸಕ್ಕಾಗಲಿ, ಬೇರೆ ಕೆಲಸಕ್ಕಾಗಲಿ ನಿಲ್ಲಿಸಿದ ರಚನೆ ಕಟ್ಟಡವೇ. ಇಟ್ಟಿಗೆಯೋ ತಗಡೋ ಅನ್ನುವ ಲೆಕ್ಕ ಇಲ್ಲ.

ಹಾಗಾಗಿ ಮೊದಲು ಝೋನ್ ದಾಖಲಾ, ಅಂದರೆ ನಿಮ್ಮ ಜಾಗ ಯಾವ ಬಳಕೆಗೆ ಅಂತ ತೋರಿಸುವ ಸರ್ಟಿಫಿಕೇಟ್ ತೆಗೆಸಿ. ಸಾತ್‌ಬಾರಾ ಉತಾರಾ (ನಮ್ಮ ಕಡೆಯ ಪಹಣಿ ಇದ್ದಂತೆ) ಅಥವಾ ಪ್ರಾಪರ್ಟಿ ಕಾರ್ಡ್ ಹಿಡಿದು ಅರ್ಜಿ ಕೊಡಬೇಕು. ಎಲ್ಲಿಗೆ ಅನ್ನುವುದು ನಿಮ್ಮ ಮನೆ ಎಲ್ಲಿದೆ ಅನ್ನುವುದರ ಮೇಲೆ: ಪುಣೆ ಮಹಾನಗರಪಾಲಿಕೆ, ಪಿಂಪ್ರಿ-ಚಿಂಚವಡ ಪಾಲಿಕೆ, ಹೊರಗಿನ ಹಳ್ಳಿಯಾದರೆ ಪುಣೆ ಸುತ್ತಲಿನ ಪ್ರದೇಶದ ಅಭಿವೃದ್ಧಿ ಪ್ರಾಧಿಕಾರವಾದ ಪಿಎಂಆರ್‌ಡಿಎ. ಖಡಕಿ, ದೇಹೂರೋಡ್ ಥರದ ಕಂಟೋನ್ಮೆಂಟ್ ಆದರೆ ಬೋರ್ಡ್ ಬೇರೆ, ನಿಯಮವೂ ಬೇರೆ. ದಾಖಲಾದಲ್ಲಿ ವಾಸದ ಝೋನ್ ಅಂತ ಬಂದರೆ ಅರ್ಧ ಚಿಂತೆ ಕಡಿಮೆ. ಆದರೂ ಡಿಪಿ ರಸ್ತೆ (ಊರಿನ ಅಭಿವೃದ್ಧಿ ಯೋಜನೆಯಲ್ಲಿ ಗುರುತು ಮಾಡಿದ ರಸ್ತೆ) ನಿಮ್ಮ ಹಿತ್ತಲ ಮೇಲೆ ಹಾಯ್ದಿದೆಯಾ, ನದಿಯ ನೆರೆ ಬರುವ ಜಾಗ ತೋರಿಸುವ ನೀಲಿ ಗೆರೆಯೊಳಗೆ ಇದ್ದೀರಾ, ಗುಡ್ಡದ ಇಳಿಜಾರಿನ ಝೋನಾ, ದೇಹೂರೋಡ್ ಅಥವಾ ದಿಘಿಯ ಮಿಲಿಟರಿ ರೆಡ್ ಝೋನಾ (ಕಟ್ಟಲು ನಿರ್ಬಂಧ ಇರುವ ಜಾಗ), ಇದನ್ನೆಲ್ಲ ಕೇಳಿ ನೋಡಿ. ಇವುಗಳಲ್ಲಿ ಒಂದಿದ್ದರೂ ಶೆಡ್ಡಿನ ಆಸೆ ಬಿಟ್ಟರೇ ಒಳ್ಳೆಯದು.

ನಮ್ಮ ಕಡೆಯಿಂದ ಬಂದ ಎಷ್ಟೋ ಜನ ಒಂದು ಗುಂಟೆ, ಅರ್ಧ ಗುಂಟೆ ಜಾಗ ತಗೊಂಡು ಮನೆ ಕಟ್ಟಿದ್ದಾರೆ. ಅವರಿಗೆ ನನ್ನ ಮಾತು ಇಷ್ಟೇ: ಮೊದಲು ಮನೆಯ ಕಾಗದ ಸರಿ ಮಾಡಿಸಿಕೊಳ್ಳಿ. ಮನೆಗೇ ಮಂಜೂರಿ ಇಲ್ಲದಿದ್ದರೆ ಶೆಡ್ಡಿನ ಅರ್ಜಿ ಮುಂದೆ ಹೋಗುವುದಿಲ್ಲ.

ಝೋನ್ ಆದ ಮೇಲೆ ಮಾರ್ಜಿನ್. ಮುಂಬೈ ಬಿಟ್ಟು ರಾಜ್ಯದ ಬಹುಪಾಲು ಕಡೆ 2020ರಿಂದ ಯುಡಿಸಿಪಿಆರ್ ಅನ್ನುವ ಒಂದೇ ಕಟ್ಟಡ ನಿಯಮಾವಳಿ ಇದೆ. ಪ್ಲಾಟ್ ಅಳತೆ, ಎದುರಿನ ರಸ್ತೆಯ ಅಗಲ ನೋಡಿ ಎಷ್ಟು ಬಿಡಬೇಕು ಅಂತ ಅದು ಹೇಳುತ್ತದೆ. ಜೊತೆಗೆ ಎಫ್‌ಎಸ್‌ಐ (ಪ್ಲಾಟಿಗೆ ತಕ್ಕಂತೆ ಒಟ್ಟು ಎಷ್ಟು ಕಟ್ಟಬಹುದು ಅನ್ನುವ ಮಿತಿ) ಇನ್ನೂ ಉಳಿದಿದೆಯಾ ಅಂತಲೂ ಲೆಕ್ಕ ಹಾಕಿಸಿ, ಯಾಕಂದರೆ ಮುಚ್ಚಿದ ಶೆಡ್ ಅದರೊಳಗೇ ಸೇರುತ್ತದೆ. ಗಡಿಯ ಬಗ್ಗೆ ಪಕ್ಕದವರ ಜೊತೆ ಸ್ವಲ್ಪ ತಕರಾರು ಇದ್ದರೂ ಸರಕಾರಿ ಮೋಜಣಿ (ಜಾಗದ ಅಳತೆ) ಮಾಡಿಸಿಕೊಂಡೇ ಮುಂದೆ ಹೋಗಿ. ರೋ ಹೌಸ್ ಆದರೆ ಸೊಸೈಟಿಯ ಎನ್‌ಒಸಿ ಲಿಖಿತವಾಗಿಯೇ ಇರಲಿ, ಚೇರ್‌ಮನ್ ಬಾಯಿಮಾತು ಸಾಲದು.

ಇಷ್ಟು ಸರಿಬಂದರೆ ಆರ್ಕಿಟೆಕ್ಟ್ ಅಥವಾ ಲೈಸೆನ್ಸ್ ಇರುವ ಇಂಜಿನಿಯರ್ ಕೈಯಲ್ಲಿ ನಕ್ಷೆ ಮಾಡಿಸಿ ಅರ್ಜಿ ಹಾಕಿಸಿ. ಹಳೇ ಮಂಜೂರಿ ನಕ್ಷೆ ಜೊತೆಗಿಡಿ. 60 ದಿನ ಉತ್ತರ ಬರದಿದ್ದರೆ ಮಂಜೂರಿ ಸಿಕ್ಕಂತೆ ಅಂತ ಕಾಯ್ದೆಯಲ್ಲಿ ಇದೆ, ಆದರೆ ನಕ್ಷೆ ನಿಯಮಕ್ಕೆ ತಪ್ಪಿದ್ದರೆ ಆ ಮಾತು ನಿಮ್ಮನ್ನು ಉಳಿಸುವುದಿಲ್ಲ, ಸುಮ್ನೆ ನಂಬಬೇಡಿ. ಪರವಾನಗಿ ಒಂದು ವರ್ಷ ಇರುತ್ತದೆ. ವರ್ಷ ವರ್ಷ ನವೀಕರಿಸುತ್ತಾ ಇನ್ನೂ ಮೂರು ವರ್ಷ ಎಳೆಯಬಹುದು.

ಪರವಾನಗಿ ಇಲ್ಲದೆ ಹಾಕಿದರೆ ಅದೇ ಕಾಯ್ದೆಯ ಕಲಂ 53ರ ಪ್ರಕಾರ ತೆಗೆದುಹಾಕಿ ಅನ್ನುವ ನೋಟಿಸ್ ಬರುತ್ತದೆ. ಬಂದರೆ ಮೂಲೆಗೆ ಎಸೆಯಬೇಡಿ. ಅದರಲ್ಲಿ ಕೊಟ್ಟ ಗಡುವಿನೊಳಗೇ ಮಂಜೂರಿಗೆ ಅರ್ಜಿ ಹಾಕುವ ಅವಕಾಶ ಇದೆ. ನಿಯಮಕ್ಕೆ ಹೊಂದುವ ಶೆಡ್ ಆದರೆ ಉಳಿಯುತ್ತದೆ, ಮಾರ್ಜಿನ್‌ನಲ್ಲಿ ನಿಂತದ್ದಾದರೆ ಕಷ್ಟ.

ನಾವು ಕೊನೆಗೆ ಜೋಳದ ಚೀಲ ಮೆಟ್ಟಿಲ ಕೆಳಗೆ ಇಟ್ಟೆವು. ಹಿತ್ತಲಲ್ಲಿ ಕರಿಬೇವು ಹಾಕಿದ್ದೇವೆ.